ಮನೆಗೆ ಬರುವ ಹಾಲಿನಲ್ಲಿ ನಮ್ಮ ಪಾಲೆಷ್ಟು? ಆಹಾರ ತಜ್ಞೆಯ ಜೊತೆ ನಮ್ಮ ಗ್ರೂಪ್‌ನ ಸದಸ್ಯೆಯರ ಪ್ರಶ್ನೋತ್ತರ

ಪ್ರಶ್ನೆ (ಧಾರವಾಡ, ವಯಸ್ಸು 41): ನಮಸ್ಕಾರ ರೀ ಮೇಡಂ. ನಮ್ಮ ಮನೆಯಲ್ಲಿ ಐದು ಜನ. ದಿನಾ ಒಂದು ಲೀಟರ್ ಹಾಲು ತರುತ್ತೇವೆ. ಆದರೂ ನನಗೆ ಯಾವಾಗಲೂ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 9.8 ಬಂದಿದೆ. ಅತ್ತೆಯವರು "ರಾತ್ರಿ ಒಂದು ಲೋಟ ಹಾಲು ಕುಡಿ, ರಕ್ತ ಆಗುತ್ತದೆ" ಅನ್ನುತ್ತಾರೆ. ಹೌದಾ?

ಉತ್ತರ: ಇಲ್ಲ ರೀ. ಹಾಲಿನಲ್ಲಿ ಕ್ಯಾಲ್ಸಿಯಂ ಇದೆ, ಪ್ರೋಟೀನ್ ಇದೆ, ಬಿ12 ಇದೆ. ಕಬ್ಬಿಣದ ಅಂಶ ಮಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿ.ಗ್ರಾಂ ಕಬ್ಬಿಣ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2020ರ ಪಟ್ಟಿ ಹೇಳುತ್ತದೆ. ಲೀಟರ್‌ಗಟ್ಟಲೆ ಹಾಲು ಕುಡಿದರೂ ಅದು ಸಿಗುವುದಿಲ್ಲ. ಗರ್ಭಿಣಿ ಅಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು. ನಿಮ್ಮದು 9.8 ಅಂದರೆ ಬರೀ ಊಟದಿಂದ ಸರಿ ಮಾಡುವ ಹಂತ ದಾಟಿದೆ, ಡಾಕ್ಟರ್ ಹತ್ತಿರ ಹೋಗಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಸಂಕೋಚ ಇಲ್ಲದೆ ಹೇಳಿ. ಎಷ್ಟೋ ಸಲ ಕಾರಣ ಅಲ್ಲೇ ಇರುತ್ತದೆ.

ನೀವು ಒಬ್ಬರೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಜನರಿಗೆ ರಕ್ತಹೀನತೆ ಕಂಡಿದೆ.

ಈಗ ನಾನೊಂದು ಕೇಳುತ್ತೇನೆ. ಆ ಒಂದು ಲೀಟರ್ ಯಾರ್ಯಾರಿಗೆ ಹೋಗುತ್ತದೆ?

ಅದೇ ಸದಸ್ಯೆ: ಮಕ್ಕಳಿಬ್ಬರಿಗೆ ಒಂದೊಂದು ಲೋಟ, ಅತ್ತೆಯವರಿಗೆ ರಾತ್ರಿ ಒಂದು. ಸ್ವಲ್ಪ ಮೊಸರಿಗೆ ಹೆಪ್ಪು ಹಾಕುತ್ತೇನೆ. ಉಳಿದದ್ದು ಚಹಾಕ್ಕೆ. ನನಗೆ ಚಹಾ ರೀ, ದಿನಕ್ಕೆ ನಾಲ್ಕು ಸಲ. ಮೊಸರು ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಉತ್ತರ: ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಮನೆಗಳ ಕಥೆ ಇದೇ. ಮನೆಗೆ ಹಾಲು ಬರುತ್ತದೆ, ಕಾಯಿಸುವವಳಿಗೆ ಬರುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಂದು ಸಣ್ಣ ಕಪ್ ಚಹಾದಲ್ಲಿ ಹಾಲು 30–40 ಮಿ.ಲೀ. ನಾಲ್ಕು ಕಪ್ ಅಂದರೆ ಹೆಚ್ಚೆಂದರೆ 160. 100 ಮಿ.ಲೀ ಹಾಲಿಗೆ ಸುಮಾರು 120 ಮಿ.ಗ್ರಾಂ ಕ್ಯಾಲ್ಸಿಯಂ, ಹಾಗಾಗಿ ನಿಮಗೆ ಸಿಗುವುದು 190ರ ಆಸುಪಾಸು. ಬೇಕಾದದ್ದು 1000. ಜೊತೆಗೆ ಎಂಟು ಚಮಚ ಸಕ್ಕರೆ ಬೇರೆ!

ಚಹಾದ ಇನ್ನೊಂದು ತೊಂದರೆ ಅಂದರೆ ಅದರಲ್ಲಿರುವ ಟ್ಯಾನಿನ್. ರೊಟ್ಟಿ-ಪಲ್ಯದಲ್ಲಿರುವ ಕಬ್ಬಿಣ ಮೈಗೆ ಹತ್ತದ ಹಾಗೆ ಅದು ತಡೆಯುತ್ತದೆ. ಕ್ಯಾಲ್ಸಿಯಂ ಕೂಡ ಸ್ವಲ್ಪ ಮಟ್ಟಿಗೆ ಇದೇ ಕೆಲಸ ಮಾಡುತ್ತದೆ. ನಮ್ಮಲ್ಲಿ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಚಹಾ ಒಲೆ ಮೇಲೆ ಇರುತ್ತದೆ. ಚಹಾ ಬಿಡಿ ಅಂತ ಹುಬ್ಬಳ್ಳಿ-ಧಾರವಾಡದವರಿಗೆ ಹೇಳುವ ಧೈರ್ಯ ನನಗಿಲ್ಲ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರ ಇಡಿ, ನಾಲ್ಕನ್ನು ಎರಡಕ್ಕೆ ಇಳಿಸಿ, ಅಷ್ಟು ಸಾಕು. ಊಟದಲ್ಲಿ ಕಾಳು ಪಲ್ಯದ ಮೇಲೆ ಲಿಂಬೆಹಣ್ಣು ಹಿಂಡಿ. ಪೇರಲ, ನೆಲ್ಲಿಕಾಯಿ ಸಿಕ್ಕಾಗ ತಿನ್ನಿ. ಸಿ ವಿಟಮಿನ್ ಇದ್ದರೆ ಮೈ ಕಬ್ಬಿಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.

ಚಹಾದಿಂದ ಉಳಿದ ಹಾಲನ್ನು ಮೊಸರಿಗೆ ಹಾಕಿ. ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದು ದಿನಕ್ಕೆ ಹಾಲು-ಮೊಸರು ಸೇರಿ 300 ಮಿ.ಲೀ. ನಿಮ್ಮ ವಾಟಿಯನ್ನು ಮೊದಲೇ ತೆಗೆದಿಡಿ. "ಉಳಿದರೆ ನನಗೆ" ಅನ್ನುವುದು ಬೇಡ.

ಪ್ರಶ್ನೆ (ಹಾವೇರಿ): ಹಾಲು ಕುಡಿದರೆ ನನಗೆ ಹೊಟ್ಟೆ ಉಬ್ಬರ, ಒಮ್ಮೊಮ್ಮೆ ಭೇದಿ. ಹಾಲು ಬಿಟ್ಟರೆ ಎಲುಬು ಸವೆಯುತ್ತದೆ ಅಂತ ಹೆದರಿಸುತ್ತಾರೆ. ನಾವು ಶುದ್ಧ ಸಸ್ಯಾಹಾರಿಗಳು.

ಉತ್ತರ: ಹಾಲಿನ ಸಕ್ಕರೆಗೆ ಲ್ಯಾಕ್ಟೋಸ್ ಅನ್ನುತ್ತಾರೆ. ಅದನ್ನು ಕರಗಿಸುವ ಕಿಣ್ವ ದೊಡ್ಡವರಾದಂತೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ರೋಗ ಏನಲ್ಲ. ಇಂಥವರಲ್ಲಿ ಹೆಚ್ಚಿನವರಿಗೆ ಮೊಸರು ಒಗ್ಗುತ್ತದೆ, ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ಅಷ್ಟಿಷ್ಟು ತಿಂದಿರುತ್ತದೆ. ಮಜ್ಜಿಗೆಯೂ ಆಗುತ್ತದೆ. ಆದರೆ ಒಂದು ವಾಟಿ ಮೊಸರಿಗೆ ಒಂದು ತಂಬಿಗೆ ನೀರು ಹೊಯ್ದು ಎಲ್ಲರಿಗೂ ಹಂಚಿದರೆ ನಿಮ್ಮ ಪಾಲಿಗೆ ಬರುವುದು ನೀರೇ.

ಹಾಲು ಬಿಟ್ಟರೂ ದಾರಿ ಇದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ನಮ್ಮ ಕಡೆ ಮುದ್ದೆ ರೂಢಿ ಇಲ್ಲ, ಅಂಬಲಿ ಮಾಡಿಕೊಳ್ಳಿ. ಜೋಳದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ಹಾಗಾಗಿ ರೊಟ್ಟಿಯ ಪಕ್ಕದಲ್ಲಿ ಏನಿದೆ ಅನ್ನುವುದೇ ಮುಖ್ಯ. ಮೆಂತೆ, ರಾಜಗಿರಿ, ನುಗ್ಗೆ ಸೊಪ್ಪು ಒಳ್ಳೆಯವು. ಪಾಲಕ್‌ನಲ್ಲಿ ಆಕ್ಸಲೇಟ್ ಅನ್ನುವ ಅಂಶ ಜಾಸ್ತಿ, ಅದರ ಕ್ಯಾಲ್ಸಿಯಂ ಮೈಗೆ ಅಷ್ಟಾಗಿ ಹತ್ತುವುದಿಲ್ಲ. ಎಲ್ಲಕ್ಕಿಂತ ಮೇಲು ಸಿಪ್ಪೆ ತೆಗೆಯದ ಎಳ್ಳು. ಒಂದು ದೊಡ್ಡ ಚಮಚದಲ್ಲೇ ನೂರು ಮಿ.ಗ್ರಾಂ ದಾಟುತ್ತದೆ. ಸಂಕ್ರಾಂತಿಗೆ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚುತ್ತೇವಲ್ಲ, ಅದನ್ನು ಉಳಿದ ತಿಂಗಳು ಯಾಕೆ ಮರೆಯುತ್ತೇವೋ!

ಒಂದು ಎಚ್ಚರ. ಸಸ್ಯಾಹಾರಿಗಳಿಗೆ ಊಟದಿಂದ ಬಿ12 ಸಿಗುವುದು ಹೆಚ್ಚುಕಡಿಮೆ ಹಾಲು-ಮೊಸರಿನಿಂದಲೇ. ಮೊಸರೂ ಆಗುವುದಿಲ್ಲ ಅಂದರೆ ಬಿ12 ಪರೀಕ್ಷೆ ಮಾಡಿಸಿ. ಕೈಕಾಲು ಜೋಮು ಹಿಡಿಯುತ್ತಿದ್ದರೆ ತಡ ಮಾಡಬೇಡಿ.

ಪ್ರಶ್ನೆ (ಗದಗ): ಪ್ಯಾಕೆಟ್ ಹಾಲು ಒಳ್ಳೆಯದಾ, ಗೌಳಿಗರ ಎಮ್ಮೆ ಹಾಲು ಒಳ್ಳೆಯದಾ? ಪ್ಯಾಕೆಟ್‌ನಲ್ಲಿ ಯಾವುದು?

ಉತ್ತರ: ಎರಡೂ ಆಗಬಹುದು. ಎಮ್ಮೆ ಹಾಲಿನಲ್ಲಿ ಕೊಬ್ಬು ಜಾಸ್ತಿ, ನಮ್ಮ ಧಾರವಾಡಿ ಎಮ್ಮೆಯ ಹಾಲೂ ಗಟ್ಟಿ. ಹಸಿ ಹಾಲು ಮಾತ್ರ ಬೇಡವೇ ಬೇಡ, ಉಕ್ಕಿಸಿಯೇ ಬಳಸಿ. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್ ಅನ್ನುವ ಜ್ವರ, ಕ್ಷಯ ಬರಬಹುದು. ಪ್ಯಾಕೆಟ್‌ನಲ್ಲಿ ಟೋನ್ಡ್ ಅಂದರೆ ಕೊಬ್ಬು ಶೇ 3, ಫುಲ್ ಕ್ರೀಮ್ ಅಂದರೆ ಶೇ 6. ಕ್ಯಾಲ್ಸಿಯಂ ಹೆಚ್ಚುಕಡಿಮೆ ಒಂದೇ. ತೂಕ ಜಾಸ್ತಿ ಇದ್ದವರಿಗೆ ಟೋನ್ಡ್ ಸಾಕು.

ಇನ್ನೊಬ್ಬರು: ಮತ್ತೆ ಪೇಡೆ ತಿಂದರೆ ನಡೆಯುತ್ತದಾ ಮೇಡಂ? ಅದೂ ಹಾಲೇ ಅಲ್ವಾ 😀

ಉತ್ತರ: ಹಾಲೇ, ಸಕ್ಕರೆಯ ಜೊತೆ. ಒಂದು ತಿನ್ನಿ, ಕ್ಯಾಲ್ಸಿಯಂ ನೆಪ ಬೇಡ.

ಪ್ರಶ್ನೆ (ಹುಬ್ಬಳ್ಳಿ): ಸೊಸೆಗೆ ಐದು ತಿಂಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಎರಡೂ ಕೊಟ್ಟಿದ್ದಾರೆ. ಮರೆಯಬಾರದು ಅಂತ ರಾತ್ರಿ ಕೇಸರಿ ಹಾಲಿನ ಜೊತೆ ಒಟ್ಟಿಗೇ ಕೊಡುತ್ತಿದ್ದೇನೆ. ಸರಿನಾ?

ಉತ್ತರ: ಅಮ್ಮಾ, ನಿಮ್ಮ ಕಾಳಜಿ ದೊಡ್ಡದು. ಆದರೆ ಹೀಗೆ ಕೊಟ್ಟರೆ ಕಬ್ಬಿಣದ ಗುಳಿಗೆ ಅರ್ಧಕ್ಕರ್ಧ ದಂಡ. ಕ್ಯಾಲ್ಸಿಯಂ ಗುಳಿಗೆ ದಿನಕ್ಕೆ ಎರಡು, ಊಟದ ಜೊತೆ ಕೊಡಿ. ಕಬ್ಬಿಣದ್ದು ಬೇರೆ ಹೊತ್ತಿಗೆ, ಕನಿಷ್ಠ ಎರಡು ಗಂಟೆ ಅಂತರ ಬಿಟ್ಟು, ನೀರಿನ ಜೊತೆ ಅಥವಾ ಲಿಂಬೆ ಪಾನಕದ ಜೊತೆ. ಹಾಲು, ಚಹಾದ ಜೊತೆ ಬೇಡ. ಮಲ ಕಪ್ಪಗಾದರೆ ಗಾಬರಿಯಾಗಿ ಗುಳಿಗೆ ನಿಲ್ಲಿಸಬೇಡಿ, ಅದು ಸಹಜ. ಹೊಟ್ಟೆ ತೊಳೆಸಿದರೆ ಆಸ್ಪತ್ರೆಯ ಸಿಸ್ಟರ್‌ಗೆ ಹೇಳಿ ಹೊತ್ತು ಬದಲಿಸಿಕೊಳ್ಳಿ.

ಕೇಸರಿ ರುಚಿಗೆ ಹಾಕಿ, ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಊಟ ಇದೆ, 2017ರಲ್ಲಿ ಶುರುವಾಗಿದ್ದು. ಗರ್ಭಿಣಿ, ಬಾಣಂತಿಯರಿಗೆ ಊಟದ ಜೊತೆ ಹಾಲು, ಮೊಟ್ಟೆ, ಚಿಕ್ಕಿ. "ನಮ್ಮ ಸೊಸೆ ಅಂಗನವಾಡಿಗೆ ಹೋಗಬೇಕಾ" ಅನ್ನುವವರನ್ನು ನೋಡಿದ್ದೇನೆ. ಅದರಲ್ಲೇನು ಅವಮಾನ?

ಹೆರಿಗೆ ಆದ ಮೇಲೆ ಎದೆಹಾಲು ಹೆಚ್ಚುವುದು ಮಗು ಮೇಲಿಂದ ಮೇಲೆ ಚೀಪುವುದರಿಂದ. ಬಾಣಂತಿ ಕುಡಿದ ಹಾಲು ನೇರವಾಗಿ ಎದೆಹಾಲಾಗುವುದಿಲ್ಲ. ಆದರೂ ಆಗ ಅವಳಿಗೆ ದಿನಕ್ಕೆ 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಅಳವಿ ಪಾಯಸ, ಅಂಟಿನುಂಡಿ ಕೊಡಿ, ಜೊತೆಗೆ ಸೊಪ್ಪು, ಬೇಳೆಯನ್ನೂ ಕೊಡಿ. ಬಾಯಾರಿದರೆ ನೀರು ಕೊಡಿ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಎಲ್ಲಿದ್ದರೂ ಅದನ್ನು ಬಿಟ್ಟುಬಿಡಿ.

ಪ್ರಶ್ನೆ (ಗದಗ, ವಯಸ್ಸು 62): ಮೊಣಕಾಲು ನೋವಿಗೆ ದಿನಾ ಅರಿಶಿನ ಹಾಲು ಕುಡಿಯುತ್ತೇನೆ. ಕಡಿಮೆ ಆಗಿಲ್ಲ.

ಉತ್ತರ: ಈ ವಯಸ್ಸಿನಲ್ಲಿ ಮೊಣಕಾಲು ನೋವು ಹೆಚ್ಚಾಗಿ ಕೀಲಿನ ಸವೆತದ್ದು, ಅದಕ್ಕೆ ಹಾಲು ಔಷಧಿ ಅಲ್ಲ. ಎಲುಬು ಟೊಳ್ಳಾಗುವುದು ಬೇರೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಕಡಿಮೆಯಾಗಿ ಅದು ನೋವೇ ಇಲ್ಲದೆ ನಡೆಯುತ್ತದೆ, ಬಿದ್ದು ಮಣಿಕಟ್ಟೋ ಸೊಂಟವೋ ಮುರಿದಾಗಲೇ ಗೊತ್ತಾಗುವುದು. ಹಾಲು ಬಿಡಬೇಡಿ, ನಿಮಗೂ 1200 ಮಿ.ಗ್ರಾಂ ಬೇಕು. ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಹೋಗಿ, ಡಿ ವಿಟಮಿನ್ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಹತ್ತುವುದಿಲ್ಲ. ಮೊಣಕಾಲನ್ನು ಎಲುಬಿನ ಡಾಕ್ಟರ್‌ಗೆ ತೋರಿಸಿ. ಎಲುಬಿನ ಸಾಂದ್ರತೆಯ ಪರೀಕ್ಷೆ ಬೇಕಾ ಅಂತಲೂ ಕೇಳಿ.

ಪ್ರಶ್ನೆ (ಹುಬ್ಬಳ್ಳಿ): ಬೆಳಿಗ್ಗೆ ಎದ್ದು ಥೈರಾಯ್ಡ್ ಗುಳಿಗೆ ತೆಗೆದುಕೊಂಡು ತಕ್ಷಣ ಹಾಲು ಕುಡಿಯುತ್ತೇನೆ. ತೊಂದರೆ ಇದೆಯಾ?

ಉತ್ತರ: ಇದೆ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತೆಗೆದುಕೊಂಡು ಅರ್ಧದಿಂದ ಒಂದು ಗಂಟೆ ಬಿಟ್ಟು ಹಾಲು, ಚಹಾ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ ಇದ್ದರೆ ನಾಲ್ಕು ಗಂಟೆ ಅಂತರ ಬೇಕು. ಆದರೆ ನಾಳೆಯಿಂದಲೇ ಸುಮ್ನೆ ಬದಲಿಸಬೇಡಿ. ಈಗಿನ ಡೋಸ್ ನಿಮ್ಮ ಈಗಿನ ರೂಢಿಗೆ ಹೊಂದಿಕೊಂಡಿರಬಹುದು. ಡಾಕ್ಟರ್‌ಗೆ ಹೇಳಿ ಬದಲಿಸಿ, ಆರರಿಂದ ಎಂಟು ವಾರಕ್ಕೆ ಥೈರಾಯ್ಡ್ ರಕ್ತ ಪರೀಕ್ಷೆಯಾದ ಟಿಎಸ್‌ಎಚ್ ಮತ್ತೆ ನೋಡಿಸಿ. ರಿಪೋರ್ಟ್ ಫೋಟೋ ಗ್ರೂಪ್‌ನಲ್ಲಿ ಹಾಕಬೇಡಿ ರೀ, ಅವರಿಗೇ ತೋರಿಸಿ.