ಡೇಕೇರ್‌ಗೆ ಸರ್ಕಾರ ದುಡ್ಡು ಹಾಕಿದರೆ ಅಮ್ಮಂದಿರು ಕೆಲಸಕ್ಕೆ ಮರಳುತ್ತಾರಾ?

ಲೆಕ್ಕದವಳು (ಪ್ರಶ್ನೆ)

ಮಗಳಿಗೆ ಈಗ ಎರಡು ವರ್ಷ ನಾಲ್ಕು ತಿಂಗಳು. ನಾನು ಅಕೌಂಟ್ಸ್ ವಿಭಾಗದಲ್ಲಿ ಒಂಬತ್ತು ವರ್ಷ ದುಡಿದವಳು. ಅವಳು ಹುಟ್ಟಿದ ಮೇಲೆ ಬಿಟ್ಟೆ. ಹೋದ ವಾರ ಮತ್ತೆ ಸೇರುವ ಮಾತು ಬಂತು. ನಾನು, ನನ್ನ ಗಂಡ ಕೂತು ಲೆಕ್ಕ ಹಾಕಿದೆವು. ನನ್ನ ಸಂಬಳದಲ್ಲಿ ಡೇಕೇರ್ ಫೀಸು, ಓಡಾಟದ ಖರ್ಚು ಕಳೆದರೆ ಕೈಗೆ ಉಳಿಯುವುದು ಆರರಲ್ಲಿ ಒಂದು ಪಾಲು. "ಇಷ್ಟಕ್ಕೆ ಯಾಕೆ ಒದ್ದಾಡ್ತೀಯ?" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಫೀಸನ್ನು ನನ್ನ ಸಂಬಳದಲ್ಲಿ ಮಾತ್ರ ಯಾಕೆ ಕಳೆದೆವು? ಮಗು ಇಬ್ಬರದೂ ಅಲ್ವಾ?

ಕೆಲವು ಕಡೆ ಸರ್ಕಾರವೇ ಈ ಖರ್ಚಿನ ಬಹುಪಾಲು ಹೊರುತ್ತದೆ. ಅಲ್ಲಿ ನನ್ನಂಥವರು ನಿಜವಾಗಿಯೂ ಕೆಲಸಕ್ಕೆ ಮರಳಿದ್ದಾರಾ? ತಿಳಿದವರು ಹೇಳಿ.

ಅಂಕಿ ಓದುವವನು

ಕ್ವಿಬೆಕ್ ಕಡೆ ನೋಡಿ. ಕೆನಡಾದ ಆ ಪ್ರಾಂತ್ಯ 1997ರಲ್ಲಿ ದಿನಕ್ಕೆ 5 ಡಾಲರ್ ಕೊಟ್ಟರೆ ಸಾಕು ಎಂದಿತು. ಮೊದಲು 4 ವರ್ಷದ ಮಕ್ಕಳಿಗೆ, 2000ದ ಹೊತ್ತಿಗೆ ಕೂಸುಗಳಿಗೂ. ಬೇಕರ್, ಗ್ರೂಬರ್, ಮಿಲಿಗನ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಕೆನಡಾದ ಉಳಿದ ಭಾಗದ ಜೊತೆ ಹೋಲಿಸಿದರು. ಸಂಗಾತಿ ಜೊತೆಗಿರುವ ತಾಯಂದಿರಲ್ಲಿ ನೂರಕ್ಕೆ ಸುಮಾರು 8 ಮಂದಿ ಹೆಚ್ಚಾಗಿ ಕೆಲಸಕ್ಕೆ ಬಂದಿದ್ದರು. ಪಿಯರ್ ಫೋರ್ಟನ್ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮತ್ತು ಜೊತೆಗಾರರ ಅಂದಾಜಿನಲ್ಲಿ 2008ರ ಹೊತ್ತಿಗೆ ಇದು ಸುಮಾರು 70,000 ತಾಯಂದಿರು. ಅವರು ಕಟ್ಟುವ ತೆರಿಗೆಯಿಂದ ಸರ್ಕಾರ ಹಾಕಿದ ದುಡ್ಡು ವಾಪಸ್ ಬರುತ್ತದೆ ಅನ್ನುವುದು ಫೋರ್ಟನ್ ಅವರ ಲೆಕ್ಕ.

ಮೊಮ್ಮಗನ ಅಜ್ಜಿ

ನೋಡಮ್ಮಾ, ಈ ಲೆಕ್ಕದಲ್ಲಿ ಅಜ್ಜಿ ಬರಲೇ ಇಲ್ಲ. ನನಗೆ 57. ಮಗಳು ಹೆರಿಗೆ ರಜೆ ಮುಗಿಸಿ ಹೊರಟಾಗ ನಾನು ಗ್ರಂಥಾಲಯದ ಕೆಲಸ ಬಿಟ್ಟೆ. ನಿವೃತ್ತಿಗೆ ಇನ್ನೂ ಮೂರು ವರ್ಷ ಇತ್ತು. ಮೊಮ್ಮಗ ಅಂದರೆ ನನಗೆ ಪ್ರಾಣ. ಆದರೂ ಮಧ್ಯಾಹ್ನ ಅವನು ಮಲಗಿದಾಗ ಆ ಪುಸ್ತಕದ ಕಪಾಟುಗಳು ಕಣ್ಮುಂದೆ ಬರುತ್ತವೆ. ಮಗಳು ದುಡಿಯುವ ತಾಯಿ ಎಂದು ಲೆಕ್ಕಕ್ಕೆ ಸಿಗುತ್ತಾಳೆ. ಅವಳಿಗಾಗಿ ಕೆಲಸ ಬಿಟ್ಟವಳನ್ನು ಯಾರೂ ಎಣಿಸುವುದಿಲ್ಲ.

ಹುಡುಕಿ ಓದುವ ಅಭ್ಯಾಸ ಇನ್ನೂ ಹೋಗಿಲ್ಲ. ನಾರ್ವೆಯಲ್ಲಿ 1975ರಲ್ಲಿ ಕಾನೂನು ತಂದು ಶಿಶುವಿಹಾರಗಳನ್ನು ತುಂಬಾ ಹೆಚ್ಚಿಸಿದರು. ಹಾವ್ನೆಸ್ ಮತ್ತು ಮೊಗ್‌ಸ್ಟಾಡ್ ಎಂಬ ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿ ನೋಡಿದರೆ, ಅದರಿಂದ ತಾಯಂದಿರ ಉದ್ಯೋಗ ಏರಿದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೊದಲು ನೆಂಟರ, ಪರಿಚಯದವರ ಹತ್ತಿರ ಇರುತ್ತಿದ್ದ ಮಕ್ಕಳು ಈಗ ಕೇಂದ್ರಕ್ಕೆ ಬಂದರು, ಅಷ್ಟೆ. ಹಾಗಾದರೆ ದುಡ್ಡು ದಂಡವಾಯಿತೇ? ನಾನು ಒಪ್ಪುವುದಿಲ್ಲ. ಆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರಿಗೂ ಒಂದು ದಿನ, ಒಂದು ಬದುಕು ಇತ್ತು. ಶಿಶುವಿಹಾರಕ್ಕೆ ಹೋದ ಮಕ್ಕಳು ಮುಂದೆ ಜಾಸ್ತಿ ಓದಿದರು ಅನ್ನುವುದನ್ನೂ ಅದೇ ಇಬ್ಬರು ತೋರಿಸಿದ್ದಾರೆ.

ಡೇಕೇರ್ ಟೀಚರ್

ಮೇಡಂ, ನಾನು 11 ವರ್ಷದಿಂದ ಚಿಕ್ಕ ಮಕ್ಕಳ ಜೊತೆ ಇದ್ದೇನೆ. ಫೀಸು ಒಂದನ್ನೇ ನೋಡಬೇಡಿ, ವೇಳೆ ನೋಡಿ. ಮಧ್ಯಾಹ್ನವೇ ಮುಚ್ಚುವ ಕೇಂದ್ರ ಪೂರ್ತಿ ಉಚಿತವಾಗಿದ್ದರೂ ಇಡೀ ದಿನದ ಕೆಲಸಕ್ಕೆ ಆಗಿಬರುವುದಿಲ್ಲ. ಮುಚ್ಚುವುದಕ್ಕೆ ಐದು ನಿಮಿಷ ಇರುವಾಗ ಏದುಸಿರು ಬಿಡುತ್ತಾ ಬರುವ ಅಮ್ಮಂದಿರನ್ನು ನಾನು ದಿನಾ ನೋಡುತ್ತೇನೆ. ಮಗುವಿಗೆ ಜ್ವರ ಬಂದರೆ ಫೋನ್ ಹೋಗುವುದೂ ಅವರಿಗೇ. ಈ ವರ್ಷದಿಂದ ಫಾರಂನಲ್ಲಿ ಅಪ್ಪನ ನಂಬರನ್ನು ಮೊದಲು ಬರೆಸಿಕೊಳ್ಳುತ್ತಿದ್ದೇನೆ.

ಇನ್ನೊಂದು ಮಾತು. ಮೇಲೆ ಹೇಳಿದ ಬೇಕರ್, ಗ್ರೂಬರ್, ಮಿಲಿಗನ್ ಅವರ ಕ್ವಿಬೆಕ್ ಅಧ್ಯಯನದಲ್ಲೇ ಮಕ್ಕಳಲ್ಲಿ ಆತಂಕ, ಜಗಳಗಂಟಿತನ ಹೆಚ್ಚಾಗಿದ್ದೂ ಕಂಡಿತ್ತು. ಸೀಟು ಹೆಚ್ಚಿಸಿದರೆ ಸಾಲದು. ಒಬ್ಬ ಟೀಚರ್ ಕೈಗೆ ಎಷ್ಟು ಮಕ್ಕಳು, ಅವರಿಗೆ ತರಬೇತಿ ಇದೆಯಾ, ಸಂಬಳ ಎಷ್ಟು, ಇದಕ್ಕೂ ದುಡ್ಡು ಬೇಕು. ನಾವೂ ದುಡಿಯುವ ಹೆಂಗಸರೇ ಅಲ್ವಾ?

ಅಂಕಿ ಓದುವವನು

ಸೀಟಿನ ಮಾತು ಬಂದಿದ್ದಕ್ಕೆ ಸೇರಿಸುತ್ತೇನೆ. ಜರ್ಮನಿಯಲ್ಲಿ 2013ರ ಆಗಸ್ಟ್‌ನಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಕಾನೂನಿನ ಪ್ರಕಾರ ಜಾಗ ಸಿಗಬೇಕು. ಸ್ಥಳೀಯ ಆಡಳಿತ ತನ್ನ ತಪ್ಪಿನಿಂದ ಜಾಗ ಕೊಡದೆ ಹೋದರೆ, ಕೈತಪ್ಪಿದ ಸಂಬಳಕ್ಕೆ ಪರಿಹಾರ ಕೇಳಬಹುದು ಎಂದು ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2016ರಲ್ಲಿ ಹೇಳಿತು.

ಲೆಕ್ಕದವಳು

ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿ, ನಿಮ್ಮ ಮಾತು ಓದಿ ಅಮ್ಮನಿಗೆ ಫೋನ್ ಮಾಡಿದೆ. "ನಾನು ಬಂದು ನೋಡ್ಕೊಳ್ತೀನಿ" ಅಂತ ಅವರು ಮೊದಲೇ ಹೇಳಿದ್ದರು. ಅವರು ಏನು ಬಿಟ್ಟು ಬರಬೇಕಾಗುತ್ತದೆ ಅಂತ ನಾನು ಕೇಳಿಯೇ ಇರಲಿಲ್ಲ.

ನಿನ್ನೆ ಹೊಸ ಹಾಳೆ ತೆಗೆದು ಫೀಸನ್ನು ಇಬ್ಬರ ಸಂಬಳಕ್ಕೂ ಹಂಚಿದೆ. ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ, ಮುಂದಿನ ಹತ್ತು ವರ್ಷ ಕೆಲಸದಲ್ಲಿದ್ದರೆ ಸಂಬಳ ಎಷ್ಟಕ್ಕೆ ಏರಬಹುದು, ಮನೆಯಲ್ಲಿದ್ದು ಆಮೇಲೆ ಸೇರಿದರೆ ಎಲ್ಲಿಂದ ಶುರು ಮಾಡಬೇಕು ಅಂತ ಬರೆದೆ. ಗಂಡ ಅದನ್ನು ತುಂಬಾ ಹೊತ್ತು ನೋಡುತ್ತಾ ಕೂತಿದ್ದರು. ಆಮೇಲೆ, ಸಂಜೆ ಕರೆದುಕೊಂಡು ಬರುವ ಕೆಲಸ ತಮಗಿರಲಿ ಅಂದರು. ಟೀಚರ್, ನಿಮ್ಮಲ್ಲಿ ಹೊಸ ಮಗು ಹೊಂದಿಕೊಳ್ಳಲು ಎಷ್ಟು ದಿನ ಬೇಕಾಗುತ್ತದೆ? ಮೊದಲ ವಾರ ನಾನು ಜೊತೆಗೆ ಕೂತಿರಬಹುದಾ?