ಅಕ್ಕನ ಮಗನಿಗೆ ಯಾವ ರಾಕ್ ಆಲ್ಬಂ? 2024ರಲ್ಲಿ ನಾವು ಮತ್ತೆ ಮತ್ತೆ ಕೇಳಿದ್ದು

ಕೇಳಿದವರು: ಅಕ್ಕನ ಮಗನಿಗೆ ಹದಿನಾರು. ಆರು ತಿಂಗಳಿಂದ ಗಿಟಾರ್ ಕಲಿಯುತ್ತಿದ್ದಾನೆ. "ಮಾಮ, ಈ ವರ್ಷ ಬಂದ ರಾಕ್, ಪಾಪ್-ಪಂಕ್‌ನಲ್ಲಿ ಏನು ಕೇಳಲಿ?" ಅಂದ. ನನಗೆ ಗೊತ್ತಿರುವ ಬ್ಯಾಂಡ್ ಅಂದರೆ ಕಾಲೇಜಿನ ದಿನಗಳ ಗ್ರೀನ್ ಡೇ, ಸಮ್ 41 ಅಷ್ಟೇ. ಆಮೇಲೆ ಮದುವೆ, ಮನೆ ಸಾಲ. ಪೇಪರಿನವರ ಪಟ್ಟಿ ಬೇಡ. ನೀವು ನಿಜಕ್ಕೂ ಮತ್ತೆ ಮತ್ತೆ ಹಾಕಿಕೊಂಡು ಕೇಳಿದ್ದು ಯಾವುದು ಹೇಳಿ.

ಒಂದನೇ ಉತ್ತರ: ಸರ್, ನಿಮ್ಮ ಕಾಲೇಜಿನ ಬ್ಯಾಂಡ್‌ಗಳು ಎಲ್ಲೂ ಹೋಗಿಲ್ಲ. ನಾನು ಈ ವರ್ಷ ಜಾಸ್ತಿ ಕೇಳಿದ್ದೇ ಸಮ್ 41. ಮಾರ್ಚ್ ಕೊನೆಗೆ ‘ಹೆವನ್ ಹೆಲ್’ ಅನ್ನುವ ಜೋಡಿ ಆಲ್ಬಂ ಬಂತು. ಒಟ್ಟು ಇಪ್ಪತ್ತು ಹಾಡು. ಮೊದಲ ಹತ್ತು ಪಾಪ್-ಪಂಕ್ (ಪಾಪ್‌ನಂಥ ರಾಗ, ವೇಗದ ಗಿಟಾರ್), ಉಳಿದ ಹತ್ತು ಮೆಟಲ್ (ಇನ್ನೂ ಗಡಸು, ಭಾರದ ರಾಕ್). ಈ ಬ್ಯಾಂಡ್‌ನವರಿಗೆ ಮೊದಲಿಂದಲೂ ಎರಡು ದೋಣಿಯ ಮೇಲೆ ಕಾಲು. ಈ ಸಲ ಎರಡನ್ನೂ ಬೇರೆ ಬೇರೆ ಮಾಡಿ ಇಟ್ಟಿದ್ದಾರೆ, ಯಾವುದು ಬೇಕೋ ತಗೊಳ್ಳಿ ಅಂತ.

ಇದೇ ಅವರ ಕೊನೆಯ ಆಲ್ಬಂ. ಬ್ಯಾಂಡ್ ಮುಗಿಸುತ್ತೇವೆ ಅಂತ 2023ರಲ್ಲೇ ಹೇಳಿದ್ದರು. 2025ರ ಜನವರಿ 30ಕ್ಕೆ ಟೊರಾಂಟೊದಲ್ಲಿ ಕೊನೆಯ ಶೋ. ಹಾಗಂತ ಅಳುಮುಂಜಿ ಆಲ್ಬಂ ಅಂದುಕೊಳ್ಳಬೇಡಿ. ‘ಲ್ಯಾಂಡ್‌ಮೈನ್ಸ್’ ಹಾಕಿ ನೋಡಿ. ಅಮೆರಿಕದ ಆಲ್ಟರ್ನೇಟಿವ್ ರೇಡಿಯೊ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಹೋಯಿತು. 2001ರ ‘ಫ್ಯಾಟ್ ಲಿಪ್’ ಆದಮೇಲೆ ಇವರಿಗೆ ಆ ಜಾಗ ಸಿಕ್ಕಿದ್ದು ಈಗಲೇ. ಹೊರಡುವ ಹೊತ್ತಿಗೆ ಮರ್ಯಾದೆ ಅಂದರೆ ಇದು! ರೋಲಿಂಗ್ ಸ್ಟೋನ್ಸ್‌ನವರ ಹಳೆಯ ಹಾಡು ‘ಪೇಂಟ್ ಇಟ್ ಬ್ಲ್ಯಾಕ್’ ಮಾತ್ರ ಯಾಕೆ ಹಾಡಿದರೋ ಗೊತ್ತಿಲ್ಲ, ನಾನು ಪ್ರತಿ ಸಲ ಮುಂದಕ್ಕೆ ಹಾಕುತ್ತೇನೆ.

ಗಿಟಾರ್ ವಿಷಯಕ್ಕೆ ಬಂದರೆ, ಮೊದಲ ಭಾಗದ ಹಾಡುಗಳು ಹೆಚ್ಚಾಗಿ ಪವರ್ ಕಾರ್ಡ್ ಮೇಲೆ ನಡೆಯುತ್ತವೆ. ಎರಡು ಬೆರಳು, ಕೈ ಮೇಲೆ ಕೆಳಗೆ ಜಾರಿಸುವುದು. ಕಷ್ಟ ಎಲ್ಲ ಬಲಗೈಯಲ್ಲಿ. ಅಷ್ಟು ವೇಗಕ್ಕೆ ತಾಳ ತಪ್ಪದೆ ಹೊಡೆಯಬೇಕಲ್ಲ. ಆರೇ ತಿಂಗಳಿಗೆ ಮೆಟಲ್ ಭಾಗಕ್ಕೆ ಕೈ ಹಾಕಿದರೆ ಬೆರಳು ಸುಲಿದುಕೊಳ್ಳುತ್ತಾನೆ, ಬೇಡ ಅನ್ನಿ. ಅಂದರೆ ಅದನ್ನೇ ಮಾಡುತ್ತಾನೆ, ಅದು ಬೇರೆ ಮಾತು.

ಗ್ರೀನ್ ಡೇ ‘ಸೇವಿಯರ್ಸ್’ ಜನವರಿಯಲ್ಲೇ ಬಂತು. ಹದಿನೈದು ಹಾಡು, ಮೂರ್ನಾಲ್ಕು ತೆಗೆದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಆದರೆ ‘ಡಿಲೆಮಾ’ ಬಿಡಬೇಡಿ. ಕುಡಿತದ ಜೊತೆ ತಾನು ಒದ್ದಾಡಿದ್ದನ್ನು ಗಾಯಕ ಬಿಲ್ಲಿ ಜೋ ಮುಚ್ಚುಮರೆ ಇಲ್ಲದೆ ಹಾಡಿದ್ದಾನೆ. 2025ರ ಮಾರ್ಚ್ 8–9ಕ್ಕೆ ಮುಂಬೈಯಲ್ಲಿ ಲೊಲ್ಲಾಪಲೂಜಾ ಸಂಗೀತೋತ್ಸವ, ಅದರ ಪಟ್ಟಿಯಲ್ಲಿ ಅವರೂ. ಸೋದರಮಾವ ಆಗಿದ್ದಕ್ಕೆ ಟಿಕೆಟ್ ಖರ್ಚು ನಿಮ್ಮದೇ.

ಎರಡನೇ ಉತ್ತರ: ಏನ್ ಗುರು, ಹದಿನಾರರ ಹುಡುಗನಿಗೆ ಐವತ್ತು ದಾಟಿದವರ ಹಾಡು ಕೊಡ್ತೀರಲ್ಲ! ಲಿಂಡಾ ಲಿಂಡಾಸ್ ಕೇಳಿಸಿ. ಲಾಸ್ ಏಂಜಲೀಸ್‌ನ ನಾಲ್ಕು ಹುಡುಗಿಯರು. 2021ರಲ್ಲಿ ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಹಾಡಿದ ವಿಡಿಯೊ ಊರೆಲ್ಲ ಓಡಾಡಿತ್ತು, ನೆನಪಿದೆಯಾ? ಆಗ ಡ್ರಮ್ಸ್ ಬಾರಿಸುತ್ತಿದ್ದವಳಿಗೆ ಹತ್ತೇ ವರ್ಷ. ಅವರ ಎರಡನೇ ಆಲ್ಬಂ ‘ನೋ ಆಬ್ಲಿಗೇಷನ್’ ಅಕ್ಟೋಬರ್‌ನಲ್ಲಿ ಬಂತು. ನಮ್ಮ ಮನೆಯಲ್ಲಿ ಮಗಳು ಶಾಲೆಗೆ ಹೊರಡುವಾಗ ದಿನಾ ಇದೇ. ದೋಸೆ ಹುಯ್ಯುತ್ತಾ ನನಗೂ ಬಾಯಿಪಾಠ ಆಗಿದೆ. ಒಂದು ಸ್ಪ್ಯಾನಿಷ್ ಹಾಡಿನಲ್ಲಿ ಅಣಕು ಹಾಡುಗಳ ವಿಯರ್ಡ್ ಆಲ್ ಯಾಂಕೊವಿಕ್ ಬಂದು ಅಕಾರ್ಡಿಯನ್ ನುಡಿಸುತ್ತಾರೆ. ಪಂಕ್‌ಗೆ ಅಕಾರ್ಡಿಯನ್! ಕೇಳಿದರೆ ನಗು ಬರುತ್ತದೆ, ಕಾಲೂ ಕುಣಿಯುತ್ತದೆ. ಅಂದಹಾಗೆ ನಿಮ್ಮ ಗ್ರೀನ್ ಡೇಯವರೇ ಈ ವರ್ಷ ಅಮೆರಿಕದ ಟೂರ್‌ಗೆ ಇವರನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು.

ಮೂರನೇ ಉತ್ತರ: ನೆಕ್ ಡೀಪ್, ಬ್ಯಾಂಡಿನ ಹೆಸರಿನದೇ ಆಲ್ಬಂ. ವೇಲ್ಸ್‌ನ ರೆಕ್ಸಮ್ ಊರಿನವರು. ಅಲ್ಲೇ ತಮ್ಮ ಜಾಗದಲ್ಲಿ ರೆಕಾರ್ಡ್ ಮಾಡಿಕೊಂಡರು, ಪ್ರೊಡ್ಯೂಸರ್ ಕೂಡ ಅವರ ಬೇಸ್ ನುಡಿಸುವವನೇ. ಹತ್ತು ಹಾಡು, ಎಲ್ಲೂ ಎಳೆದಾಟ ಇಲ್ಲ. ಕಲಿಯುವವನಿಗೆ ಇದಕ್ಕಿಂತ ಸುಲಭದ್ದು ಬೇಡ.

ನಾಲ್ಕನೇ ಉತ್ತರ: ಪಾಪ್-ಪಂಕ್ ಅಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ. ದಿ ಕ್ಯೂರ್ ಹದಿನಾರು ವರ್ಷ ಬಿಟ್ಟು ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ತಂದಿದ್ದಾರೆ. ಅಂದರೆ ಅವರ ಹಿಂದಿನ ಆಲ್ಬಂ ಬಂದಾಗ ನಿಮ್ಮ ಹುಡುಗ ಇನ್ನೂ ತೊಟ್ಟಿಲಲ್ಲಿದ್ದ. ಎಂಟೇ ಹಾಡು. ಕೊನೆಯದು ಹತ್ತು ನಿಮಿಷ, ಅದರಲ್ಲಿ ಆರು ನಿಮಿಷ ಬರೀ ವಾದ್ಯ. ಮೊದಲ ಸಲ ಮನೆಯಲ್ಲಿ ಕೇಳುವಾಗ ಫೋನ್ ಕೆಟ್ಟಿದೆಯೇನೋ ಅಂದುಕೊಂಡೆ. ಎರಡನೇ ಸಲ ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಕೇಳಿದೆ. ಹಾವೇರಿ ದಾಟಿದ ಮೇಲೆ ಶುರು ಮಾಡಿದ್ದು, ದಾವಣಗೆರೆ ಬಂದರೂ ಇಯರ್‌ಫೋನ್ ತೆಗೆಯಲಿಲ್ಲ. ಗಾಯಕ ರಾಬರ್ಟ್ ಸ್ಮಿತ್ ತೀರಿಹೋದ ತನ್ನ ಅಣ್ಣನ ಬಗ್ಗೆ ಹಾಡಿದ್ದು ಒಂದಿದೆ. ನನಗೂ ಅಣ್ಣ ಇಲ್ಲ. ಅಷ್ಟು ಸಾಕು. ಹುಡುಗನಿಗೆ ಈಗಲೇ ಕೊಡಬೇಡಿ, ನೀವು ಕೇಳಿ.

ಲಿಂಕಿನ್ ಪಾರ್ಕ್ ‘ಫ್ರಮ್ ಝೀರೊ’ ಬಗ್ಗೆ ಯಾರೂ ಹೇಳಲಿಲ್ಲ. 2017ರಲ್ಲಿ ಗಾಯಕ ಚೆಸ್ಟರ್ ತೀರಿಹೋದಮೇಲೆ ಬಂದ ಮೊದಲ ಹೊಸ ಆಲ್ಬಂ. ನಾನು ಒಂದು ವಾರ ಮುಟ್ಟಲೇ ಇಲ್ಲ. ಕೇಳಿದ ಮೇಲೆ ಅವನ ಜಾಗಕ್ಕೆ ಬಂದ ಗಾಯಕಿ ಎಮಿಲಿ ಆರ್ಮ್‌ಸ್ಟ್ರಾಂಗ್ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಆ ಕೂಗು ಸುಮ್ನೆ ಬರುವುದಲ್ಲ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಅಕ್ಕನ ಮನೆಯಲ್ಲಿ ಊಟ ಆದಮೇಲೆ ಕೂತೆವು. ಲಿಂಡಾ ಲಿಂಡಾಸ್ ಅವನಿಗೆ ಆಗಲೇ ಗೊತ್ತಿತ್ತು, "ಮಾಮ, ಇವರು ಹಳಬರು" ಅಂದ. ನೆಕ್ ಡೀಪ್ ಫೋನಿಗೆ ಹಾಕಿಕೊಂಡ. ‘ಲ್ಯಾಂಡ್‌ಮೈನ್ಸ್’ ಮೂರು ಸಲ ಕೇಳಿದ, ಗಿಟಾರ್ ಎತ್ತಿಕೊಂಡು ಅರ್ಧ ಹಿಡಿದೂ ಬಿಟ್ಟ. ಆಮೇಲೆ ಕೇಳಿದ, "ಸಮ್ 41 ಅಂದ್ರೆ ಹೊಸ ಬ್ಯಾಂಡಾ?"

ಹೌದು ಅಂದುಬಿಟ್ಟೆ.