ಬ್ರೋಬರ್ಗ್, ಹಾಲೋವೇ ಇಬ್ಬರನ್ನೂ ಆಯಿಲರ್ಸ್ ಬಿಟ್ಟುಕೊಟ್ಟಿದ್ದು ಯಾಕೆ? ಹೊವಾರ್ಡ್ ವಿಷಯದಲ್ಲೂ ಹೀಗೇ ಆಗುತ್ತಾ?

ಎಡ್ಮಂಟನ್ ಸುಬ್ಬು

ಎಡ್ಮಂಟನ್‌ಗೆ ಬಂದ ಮೇಲೆ ಐಸ್ ಹಾಕಿ ಹುಚ್ಚು ಹತ್ತಿದೆ, ಕೆನಡಾ-ಅಮೆರಿಕದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆಡುವ ಇಲ್ಲಿನ ಟೀಮೇ ಆಯಿಲರ್ಸ್. ಆಟವೇನೋ ಅರ್ಥವಾಗುತ್ತದೆ, ಈ ಕಾಂಟ್ರ್ಯಾಕ್ಟ್ ವ್ಯವಹಾರ ಮಾತ್ರ ತಲೆಗೆ ಹೋಗುತ್ತಿಲ್ಲ. 2025ರ ಜೂನ್‌ನಲ್ಲಿ ಫ್ಲೋರಿಡಾ ಕೈಯಲ್ಲಿ ಸತತ ಎರಡನೇ ಫೈನಲ್ ಸೋತಾಗಿನಿಂದ ಆಫೀಸಿನಲ್ಲಿ ಯಾರನ್ನು ಕೇಳಿದರೂ ಒಂದೇ ರಾಗ, ಹಾಲೋವೇ ಇದ್ದಿದ್ದರೆ, ಬ್ರೋಬರ್ಗ್ ಇದ್ದಿದ್ದರೆ ಅಂತ. ಇಬ್ಬರೂ ಆಯಿಲರ್ಸ್ ತಾವೇ ಡ್ರಾಫ್ಟ್‌ನ (ಹೊಸ ಹುಡುಗರನ್ನು ಟೀಮುಗಳು ಸರದಿಯಲ್ಲಿ ಆರಿಸುವುದು) ಮೊದಲ ಸುತ್ತಿನಲ್ಲಿ ಆರಿಸಿದ ಹುಡುಗರು. ಬ್ರೋಬರ್ಗ್ 2019ರಲ್ಲಿ 8ನೆಯವನು, ಹಾಲೋವೇ 2020ರಲ್ಲಿ 14ನೆಯವನು. ಇಷ್ಟು ವರ್ಷ ಸಾಕಿ 2024ರ ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ಬ್ಲೂಸ್‌ಗೆ ಬಿಟ್ಟುಕೊಟ್ಟರು. ಕೈಗೆ ಸಿಕ್ಕಿದ್ದು ಒಂದು ಎರಡನೇ ಸುತ್ತಿನ ಪಿಕ್ (ಡ್ರಾಫ್ಟ್‌ನಲ್ಲಿ ಒಬ್ಬನನ್ನು ಆರಿಸುವ ಹಕ್ಕು), ಒಂದು ಮೂರನೇ ಸುತ್ತಿನ ಪಿಕ್. ಹಾಲೋವೇ ಅಲ್ಲಿ ಮೊದಲ ವರ್ಷವೇ 26 ಗೋಲು, 63 ಪಾಯಿಂಟ್ (ಗೋಲು, ಗೋಲಿಗೆ ಕೊಟ್ಟ ಪಾಸು ಸೇರಿ) ಮಾಡಿದ.

ಬೇರೆಯವರು ಕೂಗಿದ ಬೆಲೆ ಕೊಟ್ಟು ಹಳೇ ಆಟಗಾರನನ್ನು ಉಳಿಸಿಕೊಳ್ಳುವ ಐಪಿಎಲ್‌ನ ಆರ್‌ಟಿಎಂ ಕಾರ್ಡ್ ಥರ ಇಲ್ಲೂ ಏನೋ ಇದೆಯಂತೆ. ಹಾಗಿದ್ದರೆ ಯಾಕೆ ಬಳಸಲಿಲ್ಲ? 2025ರ ಜುಲೈನಲ್ಲಿ ಟ್ಯಾಂಪಾದಿಂದ ಐಸಾಕ್ ಹೊವಾರ್ಡ್ ಬಂದಿದ್ದಾನೆ, ಮ್ಯಾಥ್ಯೂ ಸವೋಯ್ ಮೊದಲೇ ಇದ್ದಾನೆ. ಇವರೂ ಎರಡು ಮೂರು ವರ್ಷದಲ್ಲಿ ಹೀಗೇ ಕೈಜಾರಿ ಹೋಗುತ್ತಾರಾ? ಒಬ್ಬ ಹುಡುಗನಿಗೆ ಎಷ್ಟು ದುಡ್ಡು, ಎಷ್ಟು ವರ್ಷ ಅಂತ ಟೀಮಿನವರು ಹೇಗೆ ತೀರ್ಮಾನ ಮಾಡುತ್ತಾರೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಗೋಲಿ ಸೋಡಾ

ಆರ್‌ಟಿಎಂ ಹೋಲಿಕೆ ಸರಿಯಾಗಿದೆ, ಅದನ್ನೇ ಹಿಡಿದುಕೊಂಡು ಹೇಳುತ್ತೇನೆ. ಹುಡುಗರ ಮೊದಲ ಕಾಂಟ್ರ್ಯಾಕ್ಟಿಗೆ ಎಂಟ್ರಿ ಲೆವೆಲ್ ಅನ್ನುತ್ತಾರೆ, ಸಾಮಾನ್ಯವಾಗಿ 3 ವರ್ಷ, ಸಂಬಳಕ್ಕೆ ಮಿತಿ ಇದೆ. ಅದು ಮುಗಿದ ಮೇಲೆ ಹುಡುಗ ಪೂರ್ತಿ ಸ್ವತಂತ್ರನಲ್ಲ. ಬೇರೆ ಟೀಮು ಅವನಿಗೆ ಆಫರ್ ಶೀಟ್ ಕೊಡಬಹುದು. ಅವನು ಸಹಿ ಹಾಕಿದರೆ ಹಳೇ ಟೀಮಿಗೆ 7 ದಿನ ಟೈಮು. ಅಷ್ಟೇ ದುಡ್ಡು ಕೊಟ್ಟು ಉಳಿಸಿಕೊಳ್ಳಬಹುದು, ಇಲ್ಲವಾದರೆ ಪರಿಹಾರವಾಗಿ ಆ ಟೀಮಿನ ಡ್ರಾಫ್ಟ್ ಪಿಕ್ ತೆಗೆದುಕೊಂಡು ಕೈಬಿಡಬಹುದು. ಯಾವ ಸುತ್ತಿನ ಪಿಕ್ ಅನ್ನುವುದು ಸಂಬಳದ ಮೇಲೆ ಹೋಗುತ್ತದೆ.

ಇಲ್ಲಿ ಬ್ಲೂಸ್ ಮಾಡಿದ ಚಾಲಾಕಿತನ ನೋಡಿ. ಬ್ರೋಬರ್ಗ್‌ಗೆ ಕೊಟ್ಟಿದ್ದು ವರ್ಷಕ್ಕೆ 45,80,917 ಡಾಲರ್. ಅದು ಎರಡನೇ ಸುತ್ತಿನ ಪಿಕ್‌ನಲ್ಲೇ ಮುಗಿಯುವ ಕಟ್ಟಕಡೆಯ ಮೊತ್ತ. ಒಂದು ಡಾಲರ್ ಜಾಸ್ತಿ ಕೊಟ್ಟಿದ್ದರೂ ಮೊದಲ ಸುತ್ತಿನ ಪಿಕ್ ಕೊಡಬೇಕಾಗುತ್ತಿತ್ತು. ಹಾಲೋವೇಗೆ 22,90,457, ಮೂರನೇ ಸುತ್ತಿನ ಕಟ್ಟಕಡೆ. ಇಬ್ಬರಿಗೂ 2 ವರ್ಷ, ಇಬ್ಬರಿಗೂ ಒಂದೇ ದಿನ, ಆಗಸ್ಟ್ 13. ಪರಿಹಾರಕ್ಕೆ ತಮ್ಮದೇ ಸ್ವಂತ ಪಿಕ್ ಕೊಡಬೇಕು ಅನ್ನುವುದು ನಿಯಮ, ಅದಕ್ಕೆ ಪಿಟ್ಸ್‌ಬರ್ಗ್ ಹತ್ತಿರ ಇದ್ದ ತಮ್ಮ ಎರಡನೇ ಸುತ್ತಿನ ಪಿಕ್ ಅನ್ನು ಮೊದಲೇ ವಾಪಸ್ ತಂದು ಇಟ್ಟುಕೊಂಡಿದ್ದರು. ಒಬ್ಬನಿಗೆ ಮಾತ್ರ ಕೊಟ್ಟಿದ್ದರೆ ಆಯಿಲರ್ಸ್ ಹೇಗೋ ಹೊಂದಿಸುತ್ತಿದ್ದರು. ಇಬ್ಬರೂ ಸೇರಿ ಸುಮಾರು 6.87 ಮಿಲಿಯನ್. ಇಡೀ ಟೀಮಿಗೆ ಆ ವರ್ಷದ ಸಂಬಳದ ಮಿತಿ (ಕ್ಯಾಪ್) 88 ಮಿಲಿಯನ್, ಆಯಿಲರ್ಸ್ ಆಗಲೇ ಕಂಠಪೂರ್ತಿ ತುಂಬಿಕೊಂಡು ಕೂತಿದ್ದರು.

ನನ್ನ ಪ್ರಕಾರ ಆ 7 ದಿನಗಳಲ್ಲಿ ಏನು ಮಾಡಿದರು ಅನ್ನುವುದು ದೊಡ್ಡ ವಿಷಯವೇ ಅಲ್ಲ. ತಪ್ಪಾಗಿದ್ದು ಜುಲೈ 1ಕ್ಕೆ, ಕಾಂಟ್ರ್ಯಾಕ್ಟ್ ಮುಗಿದ ಆಟಗಾರರನ್ನು ಕೊಳ್ಳಲು ಶುರು ಮಾಡುವ ದಿನ. ಹಳೇ ಜಿಎಂ (ಜನರಲ್ ಮ್ಯಾನೇಜರ್) ಕೆನ್ ಹಾಲಂಡ್ ಜೂನ್ ಕೊನೆಗೆ ಹೊರಟರು, ಸ್ಟಾನ್ ಬೋಮನ್ ಜಿಎಂ ಆಗಿ ಬಂದಿದ್ದು ಜುಲೈ 24ಕ್ಕೆ. ಮಧ್ಯದಲ್ಲಿ ಜೆಫ್ ಜಾಕ್ಸನ್ ವ್ಯವಹಾರ ನೋಡಿಕೊಂಡರು. ಆಗಲೇ ವಿಕ್ಟರ್ ಅರ್ವಿಡ್ಸನ್‌ಗೆ ವರ್ಷಕ್ಕೆ 4 ಮಿಲಿಯನ್, ಜೆಫ್ ಸ್ಕಿನ್ನರ್‌ಗೆ 3, ಆಡಂ ಹೆನ್ರಿಕ್‌ಗೆ 3. ಎಲ್ಲರೂ ಮೂವತ್ತು ದಾಟಿದವರು. ಊರೆಲ್ಲ ಹೊಗಳಿತು, ಕಪ್ ಬಂದೇಬಿಟ್ಟಿತು ಅಂತ. ಮನೆ ಹುಡುಗರಿಬ್ಬರು ಸಹಿ ಇಲ್ಲದೆ ಹಾಗೇ ಕಾಯುತ್ತಿದ್ದರು. ಅವರೆಲ್ಲಿ ಹೋಗುತ್ತಾರೆ ಅನ್ನುವ ಧೈರ್ಯ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕೆ ಬೋಮನ್ ಬಂದರು ಅಷ್ಟೇ.

ಪೊನ್ನಂಪೇಟೆ ಸ್ಟಿಕ್

(ನಮಗೆ ಹಾಕಿ ಅಂದರೆ ಕೊಡಗಿನ ಹುಲ್ಲಿನ ಮೇಲಿನದು, ಆದರೂ ಕ್ಯಾಲ್ಗರಿಯಲ್ಲಿ ಇದ್ದು ಇದನ್ನೂ ನೋಡುತ್ತೇನೆ.)

ಸೋಡಾ ಅವರೇ, ಈಗ ಹೇಳುವುದು ಸುಲಭ. ಆ ಆಗಸ್ಟ್‌ನಲ್ಲಿ ನಿಂತು ನೋಡಿ. ಬ್ರೋಬರ್ಗ್ ಅಲ್ಲಿಯವರೆಗೆ ಲೀಗ್ ಹಂತದಲ್ಲಿ ಆಡಿದ್ದು 81 ಪಂದ್ಯ, ಹೊಡೆದಿದ್ದು 2 ಗೋಲು. ಹಾಲೋವೇ 89 ಪಂದ್ಯ, 18 ಪಾಯಿಂಟ್. ಪ್ಲೇಆಫ್‌ನಲ್ಲಿ ಇಬ್ಬರೂ ಚೆನ್ನಾಗಿ ಆಡಿದರು, ಒಪ್ಪುತ್ತೇನೆ, ಬ್ರೋಬರ್ಗ್ ಅಂತೂ ಡಲ್ಲಾಸ್ ಸರಣಿಯ ಮಧ್ಯೆ ಒಳಗೆ ಬಂದು ತಂಡದ ಡಿಫೆನ್ಸ್ ಅನ್ನೇ ಸರಿ ಮಾಡಿದ. ಆದರೆ ಅದು 10 ಪಂದ್ಯ. 10 ಪಂದ್ಯ ನೋಡಿ 4.58 ಮಿಲಿಯನ್ ಕೊಡುತ್ತೀರಾ? ಉಳಿಸಿಕೊಂಡರೆ ಒಂದು ವರ್ಷ ಟ್ರೇಡ್ ಮಾಡುವ ಹಾಗೂ ಇಲ್ಲ. 2 ವರ್ಷ ಆದ ಮೇಲೆ ಹಕ್ಕು ಉಳಿಯಬೇಕು ಅಂದರೆ ಅದೇ ಸಂಬಳದಿಂದ ಮಾತು ಶುರು ಮಾಡಬೇಕು. ಎಡಗಡೆ ನರ್ಸ್, ಎಕ್‌ಹೋಮ್, ಕುಲಾಕ್ ಮೂವರು ಕೂತಿದ್ದಾರೆ. ಇವನನ್ನು ಎಲ್ಲಿ ಆಡಿಸುತ್ತಿದ್ದರು?

ಕೋಟ್‌ಕನಿಯೆಮಿ ಕಥೆ ನೆನಪಿದೆಯಾ? 2019ರಲ್ಲಿ ಮಾಂಟ್ರಿಯಲ್‌ನವರು ಕ್ಯಾರೊಲೈನಾದ ಸೆಬಾಸ್ಟಿಯನ್ ಆಹೋಗೆ ಆಫರ್ ಶೀಟ್ ಕೊಟ್ಟರು, ಕ್ಯಾರೊಲೈನಾ ಉಳಿಸಿಕೊಂಡಿತು. 2021ರಲ್ಲಿ ಕ್ಯಾರೊಲೈನಾ ಸೇಡು ತೀರಿಸಿಕೊಂಡು ಕೋಟ್‌ಕನಿಯೆಮಿಗೆ ಒಂದು ವರ್ಷಕ್ಕೆ 6.1 ಮಿಲಿಯನ್ ಕೊಟ್ಟಿತು, ಅದರಲ್ಲಿ ಸಹಿ ಬೋನಸ್ಸು 20 ಡಾಲರ್! ಆಹೋನ ಜರ್ಸಿ ನಂಬರು 20 ನೋಡಿ, ಅಷ್ಟು ಕುಚೋದ್ಯ. ಮಾಂಟ್ರಿಯಲ್ ಬಿಟ್ಟಿತು. 2018ರಲ್ಲಿ 3ನೆಯವನಾಗಿ ಆರಿಸಿದ ಹುಡುಗ ಹೋದ ಅಂತ ಆಗಲೂ ಅತ್ತರು. ಅವನು ಇವತ್ತಿಗೂ ಒಂದು ವರ್ಷ 50 ಪಾಯಿಂಟ್ ಮುಟ್ಟಿಲ್ಲ. ಬಿಟ್ಟಿದ್ದೆಲ್ಲ ತಪ್ಪು ಅಂತ ಹೇಳಲು ಆಗುವುದಿಲ್ಲ.

ಗೋಲಿ ಸೋಡಾ

10 ಪಂದ್ಯ ಮಾತ್ರ ಅಂತ ಯಾಕೆ ಆಯಿತು ಅಂತ ಕೇಳಿ ನೋಡಿ. 2023-24ರಲ್ಲಿ ಬ್ರೋಬರ್ಗ್‌ನನ್ನು 12 ಪಂದ್ಯ ಆಡಿಸಿ ಆಯಿಲರ್ಸ್‌ನ ಕೆಳಹಂತದ ಟೀಮು ಬೇಕರ್ಸ್‌ಫೀಲ್ಡ್‌ಗೆ ಕಳಿಸಿದರು. ಅಲ್ಲಿ 49 ಪಂದ್ಯದಲ್ಲಿ 38 ಪಾಯಿಂಟ್ ಮಾಡಿದ, ಅದೂ ಡಿಫೆನ್ಸ್ ಆಟಗಾರ. ಕೆಳಗೆ ಕಳಿಸಿದ್ದು ಆಟ ಕೆಟ್ಟಿತ್ತು ಅಂತ ಅಲ್ಲ, ಅವನನ್ನು ವೇವರ್ ಇಲ್ಲದೆ ಕಳಿಸಬಹುದಿತ್ತು ಅಂತ. ಹಳಬರನ್ನು ಕಳಿಸಬೇಕಾದರೆ ವೇವರ್ ಮೂಲಕ ಹೋಗಬೇಕು, ಬೇರೆ ಟೀಮು ಎತ್ತಿಕೊಂಡು ಹೋಗುವ ಭಯ. ಹುಡುಗರಿಗೆ ಮೊದಲ ಕೆಲವು ವರ್ಷ ಆ ತಾಪತ್ರಯ ಇಲ್ಲ. ಹಾಗಾಗಿ ಕ್ಯಾಪ್ ಬಿಗಿಯಾದಾಗಲೆಲ್ಲ ವಿಮಾನ ಹತ್ತುವವನು ಹುಡುಗನೇ. ಹಾಲೋವೇಗೂ ಅದೇ ಗತಿ ಆಯಿತು. ಕಡಿಮೆ ಹೊತ್ತು ಆಡುವ ಮೂರನೇ, ನಾಲ್ಕನೇ ಲೈನಿನಲ್ಲಿ ಆಡಿಸಿ ಪಾಯಿಂಟ್ ಕಡಿಮೆ ಅಂದರೆ ಏನರ್ಥ? ಬ್ಲೂಸ್‌ನಲ್ಲಿ ಶೆನ್, ಕೈರೂ ಜೊತೆ ಆಡಿಸಿದ ತಕ್ಷಣ 63. ಒಂದೇ ಬೇಸಿಗೆಯಲ್ಲಿ ಮನುಷ್ಯ ಬದಲಾಗಿರಲಿಲ್ಲ.

ಸುಬ್ಬು ಅವರ ಪ್ರಶ್ನೆಗೆ ನನ್ನ ಉತ್ತರ ಇದೇ. ಪಾಯಿಂಟ್ ಪಟ್ಟಿ ಆಮೇಲೆ ನೋಡಿ. ಮೊದಲು ಎಷ್ಟು ನಿಮಿಷ ಆಡಿದ, ಯಾರ ಜೊತೆ, ಎದುರಿಗೆ ಯಾರಿದ್ದರು ಅಂತ ನೋಡಬೇಕು. ಬ್ಲೂಸ್ ನೋಡಿದ್ದು ಅದನ್ನೇ.

ಮಿಸಿಸಾಗ ಮಂಜುಳಾ

ನಾನು ಟೊರಾಂಟೊ ಟೀಮು ಲೀಫ್ಸ್ ಕಡೆ, ಬೈಯಬೇಡಿ. ಹುಡುಗರ ಕಾಂಟ್ರ್ಯಾಕ್ಟ್ ಬಗ್ಗೆ ಬುದ್ಧಿ ಹೇಳುವ ಯೋಗ್ಯತೆ ನಮಗಂತೂ ಇಲ್ಲ. ನಮ್ಮ ಮಾರ್ನರ್ 2025ರ ಬೇಸಿಗೆಯಲ್ಲಿ ವೇಗಸ್‌ಗೆ ಹೋದ, ನಮ್ಮ ಕೈಗೆ ಬಂದಿದ್ದು ನಿಕೊಲಾ ರುವಾ ಒಬ್ಬ.

ಆದರೆ ಎಷ್ಟು ವರ್ಷಕ್ಕೆ ಅನ್ನುವ ಪ್ರಶ್ನೆಗೆ ಆಯಿಲರ್ಸ್ ಮನೆಯಲ್ಲೇ ಉದಾಹರಣೆ ಇದೆ, ಹೊರಗೆ ಹುಡುಕುವುದೇ ಬೇಡ. ಡ್ರೈಸೈಟಲ್‌ಗೆ 2017ರಲ್ಲಿ, ಎಂಟ್ರಿ ಲೆವೆಲ್ ಮುಗಿದ ಕೂಡಲೇ, 8 ವರ್ಷಕ್ಕೆ ವರ್ಷಕ್ಕೆ 8.5 ಮಿಲಿಯನ್ ಕೊಟ್ಟರು. ಒಂದೇ ಒಂದು ದೊಡ್ಡ ಸೀಸನ್ ಆಡಿದವನಿಗೆ ಇಷ್ಟಾ ಅಂತ ಎಲ್ಲರೂ ಹುಬ್ಬೇರಿಸಿದರು. ಆಮೇಲೆ 50 ಗೋಲು, 2020ರಲ್ಲಿ ಲೀಗ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ. ಲೀಗ್‌ನಲ್ಲೇ ಅಗ್ಗದ ಕಾಂಟ್ರ್ಯಾಕ್ಟ್ ಅಂತ ಅದೇ ಜನ ಹೇಳಿದರು.

ಡಾರ್ನೆಲ್ ನರ್ಸ್ ಕಥೆ ಉಲ್ಟಾ. ಮೊದಲು 2 ವರ್ಷಕ್ಕೆ 3.2 ಮಿಲಿಯನ್, ಮತ್ತೆ 2 ವರ್ಷಕ್ಕೆ 5.6. ಇಂಥವಕ್ಕೆ ಬ್ರಿಡ್ಜ್ ಡೀಲ್ ಅನ್ನುತ್ತಾರೆ, ಸದ್ಯಕ್ಕೆ ದಾಟಿಕೊಳ್ಳೋಣ, ಆಮೇಲೆ ನೋಡೋಣ ಅನ್ನುವ ಜಾತಿ. ಆಮೇಲೆ ಬಂದೇ ಬಂತು. ಅವನು 56 ಪಂದ್ಯದ ಸೀಸನ್‌ನಲ್ಲಿ 16 ಗೋಲು ಹೊಡೆದು ಕೂತ, 2021ರ ಬೇಸಿಗೆಯಲ್ಲಿ 8 ವರ್ಷಕ್ಕೆ 9.25 ಮಿಲಿಯನ್ ಕೊಡಲೇಬೇಕಾಯಿತು. ಶುರುವಾಗಿದ್ದು 27ನೇ ವಯಸ್ಸಿಗೆ, ಮುಗಿಯುವುದು 2030ಕ್ಕೆ. ಬ್ರೋಬರ್ಗ್‌ಗೆ ಜಾಗ ಇಲ್ಲದೆ ಹೋಗಿದ್ದು, ದುಡ್ಡು ಇಲ್ಲದೆ ಹೋಗಿದ್ದು ಎರಡಕ್ಕೂ ಈ ಕಾಂಟ್ರ್ಯಾಕ್ಟಿಗೂ ಸಂಬಂಧ ಇಲ್ಲ ಅನ್ನುತ್ತೀರಾ?

ಇನ್ನೊಬ್ಬ ಡಿಫೆನ್ಸ್ ಆಟಗಾರ ಬುಷಾರ್ಡ್‌ಗೂ ಹಾಗೇ ಮಾಡಿದರು. 2023ರಲ್ಲಿ 2 ವರ್ಷಕ್ಕೆ 3.9. ಮರುವರ್ಷವೇ 82 ಪಾಯಿಂಟ್. 2025ರ ಜೂನ್ ಕೊನೆಗೆ 4 ವರ್ಷ, ವರ್ಷಕ್ಕೆ 10.5. ಆಗ ಕ್ಯಾಪ್‌ನಲ್ಲಿ ಜಾಗ ಇರಲಿಲ್ಲ, ಅದು ನಿಜ. ಆದರೆ ಜಾಗ ಇರಲಿಲ್ಲ ಅನ್ನುವುದೂ ಅವರೇ ಮಾಡಿಕೊಂಡಿದ್ದು ಅಲ್ವಾ.

ಪೊನ್ನಂಪೇಟೆ ಸ್ಟಿಕ್

ಮಂಜುಳಾ ಹೇಳಿದ್ದು ಸರಿ, ಆದರೆ ಎಲ್ಲ ಹುಡುಗರೂ ಡ್ರೈಸೈಟಲ್ ಆಗುವುದಿಲ್ಲ. 8 ವರ್ಷ ಕೊಟ್ಟು ಅವನು ಅಲ್ಲೇ ನಿಂತರೆ ಕೈ ಸುಟ್ಟುಕೊಂಡ ಹಾಗೆ. ಕೋಟ್‌ಕನಿಯೆಮಿಗೆ ಆಮೇಲೆ 8 ವರ್ಷಕ್ಕೆ 4.82 ಕೊಟ್ಟರು, ಈಗ ಅದು ಯಾರಿಗೂ ಬೇಡದ ಕಾಂಟ್ರ್ಯಾಕ್ಟ್. ಬ್ರಿಡ್ಜ್ ಅನ್ನುವುದು ಸೋಮಾರಿತನ ಅಲ್ಲ, ಗೊತ್ತಿಲ್ಲದಾಗ ಕೊಡುವ ಬೆಲೆ.

ಸೋಡಾ ಅವರು ಹೇಳಿದ ನಿಮಿಷಗಳ ವಿಷಯಕ್ಕೆ ಒಂದು ಉದಾಹರಣೆ ನಾನೇ ಕೊಡುತ್ತೇನೆ. ಆ 7 ದಿನದ ಮಧ್ಯೆಯೇ ಬೋಮನ್ ನಾಲ್ಕನೇ ಸುತ್ತಿನ ಒಂದು ಪಿಕ್ ಕೊಟ್ಟು ವ್ಯಾಂಕೂವರ್‌ನಿಂದ ಪೊಡ್‌ಕೊಲ್ಜಿನ್‌ನನ್ನು ತಂದರು. ಅವನೂ 2019ರ ಡ್ರಾಫ್ಟ್‌ನವನೇ, 10ನೆಯವನು, ಬ್ರೋಬರ್ಗ್‌ಗಿಂತ ಎರಡೇ ಸ್ಥಾನ ಕೆಳಗೆ. ವ್ಯಾಂಕೂವರ್‌ಗೆ ಬೇಡವಾಗಿದ್ದ. ಇಲ್ಲಿ ಡ್ರೈಸೈಟಲ್ ಪಕ್ಕದಲ್ಲಿ ಆಡಿ 82 ಪಂದ್ಯವೂ ಇಳಿದ. ಪಾಯಿಂಟ್ 24 ಅಷ್ಟೇ, ಆದರೆ ಅಂಚಿನ ಗೋಡೆ (ಬೋರ್ಡ್) ಹತ್ತಿರ ಪಕ್ ಗೆದ್ದು ಕೊಡುವುದನ್ನು ನೋಡಿದರೆ ಕೋಚ್ ಯಾಕೆ ಬಿಡುವುದಿಲ್ಲ ಅಂತ ತಿಳಿಯುತ್ತದೆ. ಒಬ್ಬರು ಕೈಬಿಟ್ಟ ಹುಡುಗನನ್ನು ಇನ್ನೊಬ್ಬರು ಅಗ್ಗಕ್ಕೆ ಎತ್ತಿಕೊಳ್ಳುವುದು ಎರಡೂ ಕಡೆ ನಡೆಯುತ್ತದೆ. ಮೆಕ್‌ಲೌಡ್‌ನನ್ನು ಬಫಲೋಗೆ ಕೊಟ್ಟು ಸವೋಯ್‌ನನ್ನು ತಂದರಲ್ಲ, ಆ ಮೆಕ್‌ಲೌಡ್ ಅಲ್ಲಿ 53 ಪಾಯಿಂಟ್ ಮಾಡಿದ.

ಎಡ್ಮಂಟನ್ ಸುಬ್ಬು

ಎಲ್ಲರಿಗೂ ಥ್ಯಾಂಕ್ಸ್, ಈಗ ಒಂದು ಹಂತಕ್ಕೆ ತಿಳಿಯಿತು. ಹಾಗಿದ್ದರೆ ಹೊವಾರ್ಡ್, ಸವೋಯ್ ಬಗ್ಗೆ ಏನು ಹೇಳುತ್ತೀರಿ? ಹೊವಾರ್ಡ್ ಹೋಬಿ ಬೇಕರ್ ಗೆದ್ದವನು, ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರ ಅಂತ ಎಲ್ಲರೂ ಕುಣಿಯುತ್ತಿದ್ದಾರೆ.

ಗೋಲಿ ಸೋಡಾ

ಕುಣಿಯಲಿ, ಆದರೆ ಕಾಲೇಜು ಅಂಕಿಯನ್ನು ವಯಸ್ಸಿನ ಜೊತೆ ಇಟ್ಟು ನೋಡಿ. ಮಿಶಿಗನ್ ಸ್ಟೇಟ್‌ಗೆ 37 ಪಂದ್ಯದಲ್ಲಿ 52 ಪಾಯಿಂಟ್ ದೊಡ್ಡದೇ, ಆದರೆ ಆಗ ಅವನಿಗೆ 21ರ ಹತ್ತಿರ, ಅದು ಕಾಲೇಜಿನಲ್ಲಿ ಮೂರನೇ ಸೀಸನ್. 18ರ ಹುಡುಗ ಅಷ್ಟು ಮಾಡಿದ್ದರೆ ಕಥೆಯೇ ಬೇರೆ. ಆಳೂ ಚಿಕ್ಕದು. ನನಗೆ ಸವೋಯ್ ಮೇಲೆ ನಂಬಿಕೆ ಜಾಸ್ತಿ. ಬೇಕರ್ಸ್‌ಫೀಲ್ಡ್‌ನಲ್ಲಿ, ದೊಡ್ಡ ಗಂಡಸರ ಜೊತೆ, ಮೊದಲ ಪೂರ್ತಿ ವರ್ಷದಲ್ಲಿ 66 ಪಂದ್ಯಕ್ಕೆ 54 ಪಾಯಿಂಟ್. ಪಕ್ ಇಲ್ಲದಾಗಲೂ ಕೆಲಸ ಮಾಡುತ್ತಾನೆ. ಪಕ್ಕದ ಸೇಂಟ್ ಆಲ್ಬರ್ಟ್ ಹುಡುಗ ಬೇರೆ.

ಈ ಸಲ, ಅಂದರೆ 2025ರಲ್ಲಿ, ಒಂದು ವಿಷಯ ಬೇರೆ ಇದೆ. ಅರ್ವಿಡ್ಸನ್, ಸ್ಕಿನ್ನರ್, ಕೇನ್, ಪೆರ್ರಿ, ಕಾನರ್ ಬ್ರೌನ್ ಎಲ್ಲರೂ ಹೋದರು. ವಿಂಗ್‌ನಲ್ಲಿ ನಿಜವಾಗಿ ಜಾಗ ಇದೆ. ಇಬ್ಬರ ಮೂಲ ಸಂಬಳವೂ ಒಂದು ಮಿಲಿಯನ್ ದಾಟುವುದಿಲ್ಲ, ಮೆಕ್‌ಡೇವಿಡ್‌ನಂಥ ದೊಡ್ಡ ಆಟಗಾರನಿಗೆ ಸಂಬಳ ಕೊಡುವ ಟೀಮಿಗೆ ಇಂಥ ಹುಡುಗರು ಬೇಕೇ ಬೇಕು. ಆದರೆ ಇಬ್ಬರನ್ನೂ ವೇವರ್ ಇಲ್ಲದೆ ಕೆಳಗೆ ಕಳಿಸಬಹುದು. ಹಾಗಾಗಿ ನಾನು ನೋಡುವುದು ಸೆಪ್ಟೆಂಬರ್ ಕ್ಯಾಂಪಿನ ಗೋಲುಗಳನ್ನಲ್ಲ. ನವೆಂಬರ್‌ನಲ್ಲಿ ಯಾರಿಗಾದರೂ ಗಾಯ ವಾಸಿಯಾಗಿ ವಾಪಸ್ ಬಂದ ದಿನ, ಬೇಕರ್ಸ್‌ಫೀಲ್ಡ್‌ಗೆ ಹೋಗುವ ಹೆಸರು ಯಾವುದು ಅಂತ.

ಮಿಸಿಸಾಗ ಮಂಜುಳಾ

ಕ್ಯಾಪ್ 2025-26ಕ್ಕೆ 95.5, 2026-27ಕ್ಕೆ 104, 2027-28ಕ್ಕೆ 113.5 ಮಿಲಿಯನ್. ಎಲ್ಲರ ಹತ್ತಿರವೂ ದುಡ್ಡು ಇರುತ್ತದೆ, ಆಫರ್ ಶೀಟ್ ಕೊಡುವ ಧೈರ್ಯವೂ ಜಾಸ್ತಿ ಆಗುತ್ತದೆ. ಹುಡುಗರ ಕಾಂಟ್ರ್ಯಾಕ್ಟ್ ಮುಗಿಯುವ ಮೊದಲ ಜೂನ್‌ನಲ್ಲೇ ಕರೆದು ಕೂರಿಸಿ ಮಾತಾಡಿ ಅಂತ ನಿಮ್ಮ ಬೋಮನ್‌ಗೆ ಯಾರಾದರೂ ಹೇಳಿ. ನಮ್ಮವರಿಗೆ ನಾನು ಹೇಳಿ ಸಾಕಾಗಿದೆ.